ಮೇಲಿನ ಹೊಲದ ಮೂರೆಲೆ

ಸೆಪ್ಟೆಂಬರ್ ೧೧

"ಗೊಣಗೋದೇನಿದ್ರೂ ಇದರಲ್ಲಿ ಗೊಣಗಿ, ನನ್ನ ಕಿವಿ ತೂತುಬಿದ್ದು ಹೋಗಿದೆ" ಅಂತ ಇವಳು ಈ ಪುಸ್ತಕ ತಂದುಕೊಟ್ಟಿದ್ದಾಳೆ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ಹೇಳಿದ ಮೇಲೆ ಮುಗಿಯಿತು.

ನಿನ್ನೆ ಅಕ್ಕನನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿ ಬಂದೆ. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು, ಇಲ್ಲಿಂದ ಇಲ್ಲಿಗೆ ಕತ್ತರಿಸುತ್ತೇವೆ, ಕತ್ತಿನಲ್ಲೊಂದು ತೂತು ಇಡುತ್ತೇವೆ, ಇನ್ನುಮುಂದೆ ಉಸಿರಾಟ ಅದರಲ್ಲೇ ಅಂತ ಪಂಪ್‌ಸೆಟ್ ರಿಪೇರಿಯವನ ಹಾಗೆ ವಿವರಿಸಿದರು. ಅಕ್ಕ ಎಲ್ಲ ಕೇಳಿಸಿಕೊಂಡು, "ಮಳೆ ಬೀಳೋ ಹೊತ್ತಿಗೆ ಮನೆಗೆ ಬರ್ತೀನಾ?" ಅಂದಳು. ಯಾವ ಮಳೆ ಅಂತ ಡಾಕ್ಟರು ನನ್ನ ಮುಖ ನೋಡಿದರು. ನಮ್ಮ ಕಡೆ ಬಿತ್ತನೆಯ ಮಳೆ ಬೀಳುವುದು ನವೆಂಬರಿನಲ್ಲಿ.

ಮೇಲಿನ ಹೊಲದ ಚಿಂತೆ ಅವಳಿಗೆ. ಅಪ್ಪ ಅದನ್ನು ಅವಳ ಹೆಸರಿಗೆ ಬರೆದ. ಅವಳು ಮದುವೆಯಾಗಲಿಲ್ಲ, ಕುರಿ ಕಟ್ಟಿಕೊಂಡಳು. ಕೆಳಗಿನ ಹೊಲ ನನ್ನದು, ಗೋಧಿ ನನ್ನದು. ಮೂರು ವರ್ಷದ ಹಿಂದೆ ಎಲ್ಲಿಂದಲೋ ಒಂದು ಚೀಲ ಮೇವಿನ ಬೀಜ ತಂದು ಅಲ್ಲಿ ಬಿತ್ತಿದಳು. ಮೆಂತ್ಯದ ಬಳಗದ್ದು, ನೆಲಕ್ಕೆ ಹತ್ತಿಕೊಂಡು ಬೆಳೆಯುತ್ತದೆ, ಒಂದೊಂದು ದಂಟಿಗೆ ಮೂರು ಎಲೆ. ಮೂರೆಲೆ ಅಂತಲೇ ಕರೆಯುತ್ತೇವೆ. ಸುರುಳಿ ಸುತ್ತಿದ ಕಾಯಿ, ಮೈತುಂಬ ಮುಳ್ಳು, ಕುರಿಯ ಉಣ್ಣೆಗೆ ಹತ್ತಿದರೆ ಬಿಡಿಸುವಷ್ಟರಲ್ಲಿ ಪ್ರಾಣ ಹೋಗುತ್ತದೆ. ಒಂದು ವರ್ಷ ಅದು ಬೆಳೆದು ಬೀಜ ಉದುರಿಸಿತು. ಆಮೇಲೆ ಎರಡು ವರ್ಷ ಅವಳು ಹೇಳಿದ ಹಾಗೆ ನೆಲವನ್ನು ಮೇಲುಮೇಲೆ ಕೆದರಿ ಅಲ್ಲಿ ನಾನು ಗೋಧಿ ಬೆಳೆದೆ. ಗೋಧಿ ಚೆನ್ನಾಗಿಯೇ ಬಂತು, ಇಲ್ಲ ಅನ್ನುವುದಿಲ್ಲ. ಈ ವರ್ಷ ಬಿತ್ತದೆಯೇ ಮೂರೆಲೆ ತಾನಾಗಿ ಬರುತ್ತದೆ ಅನ್ನುವುದು ಅವಳ ಲೆಕ್ಕ.

ಮಂಚದ ಮೇಲೆ ಕೂತು ನನ್ನ ತೋಳು ಹಿಡಿದುಕೊಂಡಳು. "ಕುರಿ ನೋಡ್ಕೋ. ಮೇಲಿನ ಹೊಲಕ್ಕೆ ಮಾತ್ರ ಕೈ ಹಾಕಬೇಡ."

ಕಳೆಗೆ ಕಾವಲು ಕೂರುವುದೂ ನನ್ನ ಹಣೆಯಲ್ಲಿ ಬರೆದಿತ್ತು.

ಸೆಪ್ಟೆಂಬರ್ ೧೫

ಆಪರೇಶನ್ ಆಯಿತು. ಬದುಕಿದ್ದಾಳೆ. ಬರೆಯಲು ಇನ್ನೇನೂ ತೋಚುತ್ತಿಲ್ಲ.

ಸೆಪ್ಟೆಂಬರ್ ೧೯

ಕುರಿಗಳು ನನ್ನನ್ನು ಮನುಷ್ಯನೆಂದು ಲೆಕ್ಕಕ್ಕೇ ಇಟ್ಟಿಲ್ಲ. ಸಂಜೆ ದೊಡ್ಡಿಗೆ ಕರೆದರೆ ಒಂದೂ ತಲೆ ಎತ್ತುವುದಿಲ್ಲ. ಅಕ್ಕ ಬೇಲಿ ಹತ್ತಿರ ನಿಂತು "ಹೋಯ್ ಬಾ ಬ್ಬಾ" ಅಂತ ಎಳೆದರೆ ಗುಡ್ಡದಾಚೆಯವೂ ಓಡಿ ಬರುತ್ತಿದ್ದವು. ಇವತ್ತು ನಾನೂ ಹಾಗೇ ಕೂಗಿದೆ. ಟ್ರ್ಯಾಕ್ಟರಿನವನು ದಾರಿಯಲ್ಲಿ ಹೋಗುತ್ತಿದ್ದ. ಊರವರೆಲ್ಲ ಅವನನ್ನು ಕರೆಯುವುದೇ ಗಡಿಬಿಡಿ ಅಂತ. ಗಾಡಿ ನಿಲ್ಲಿಸಿ, "ಅಣ್ಣಾ, ಹೊಟ್ಟೆನೋವಾ?" ಅಂದ.

ಮಂದೆಯ ಮುಂದಾಳು ಒಂದು ಮುದಿ ಕುರಿ, ಅಕ್ಕ ಅದನ್ನು ಅಜ್ಜಿ ಅನ್ನುತ್ತಾಳೆ. ಅದು ನನ್ನ ಕಡೆ ಬೆನ್ನು ಮಾಡಿ ನಿಂತಿತು. ಕೊನೆಗೆ ಇವಳು ಬಂದಳು, ಇಬ್ಬರೂ ಒಂದೊಂದನ್ನೇ ತಳ್ಳಿ ಒಳಗೆ ಸೇರಿಸಿದೆವು.

ಸೆಪ್ಟೆಂಬರ್ ೨೬

ಕಾಲ ಅಲ್ಲದ ಕಾಲದಲ್ಲಿ ಮಳೆ ಬಂದು ಹೋಯಿತು. ಬೆಳಿಗ್ಗೆ ಮೇಲಿನ ಹೊಲಕ್ಕೆ ಹೋದರೆ ಮಣ್ಣಿನ ಮೇಲೆಲ್ಲ ಹಸಿರು ಚುಕ್ಕಿ. ನಿಜವಾಗಿಯೂ ಬಂದಿದೆ! ಒಂದು ಕಾಳೂ ಬಿತ್ತದೆ!

ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸಮ್ಮ ಅಕ್ಕನ ಕಿವಿಗೆ ಹಿಡಿದರು. "ಅಕ್ಕಾ, ಬಂತು ಕಣೇ ನಿನ್ನ ಮೂರೆಲೆ" ಅಂತ ಕೂಗಿ ಹೇಳಿದೆ. ಆ ಕಡೆಯಿಂದ ಉಗುರಿನಲ್ಲಿ ಫೋನಿಗೆ ಕುಟ್ಟುವ ಸದ್ದು. ಕುಟ್ಟಿದಳು, ಕುಟ್ಟಿದಳು, ನಿಲ್ಲಿಸಲೇ ಇಲ್ಲ. ಪಾಪ, ಅಷ್ಟು ಖುಷಿ.

ಅಕ್ಟೋಬರ್ ೧೦

ಬಿಸಿಗಾಳಿ. ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದ ಹಾಗೆ. ಮೂರೆಲೆ ಒಣಗಿತು. ಮೊದಲು ಅಂಚು ಕಂದಿತು, ಆಮೇಲೆ ಎಲೆ ಮಡಚಿಕೊಂಡಿತು, ಇವತ್ತು ಮುಟ್ಟಿದರೆ ಪುಡಿ. ಹೊಲ ಬೋಳು.

ನನಗೇನು, ನನ್ನದಲ್ಲ.

ಅಕ್ಟೋಬರ್ ೧೪

ಆಸ್ಪತ್ರೆಗೆ ಹೋಗಿದ್ದೆ. ಹೊಲಿಗೆ ಕೂಡಿಕೊಂಡಿಲ್ಲ, ಇನ್ನೂ ಮೂಗಿನ ನಳಿಗೆಯಲ್ಲೇ ಊಟ. ಕತ್ತಿನ ತೂತಿಗೆ ಬಿಳಿ ಬಟ್ಟೆ ಕಟ್ಟಿದ್ದಾರೆ. ಉಸಿರಾಡಿದಾಗ ಅದು ಮೇಲೆ ಕೆಳಗೆ ಆಡುತ್ತದೆ. ನೋಡಬಾರದು ಅಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಅವಳಿಗೊಂದು ಸ್ಲೇಟು ಕೊಟ್ಟಿದ್ದಾರೆ. ಕ್ಷೇಮ ಕೇಳುವ ಮೊದಲೇ ಬರೆದಳು: ಹಸಿರು ಇದೆಯಾ?

"ಇದೆ" ಅಂದೆ.

ಎಷ್ಟು ಎತ್ತರ?

ಬೆರಳಿನಲ್ಲಿ ತೋರಿಸಿದೆ. ಒಂದು ಗೇಣು ತೋರಿಸಿಬಿಟ್ಟೆ. ಅವಳು ನನ್ನ ಕೈಯನ್ನೂ ಮುಖವನ್ನೂ ನೋಡಿದಳು. ಸ್ಲೇಟು ಒರೆಸಿ ಪಕ್ಕಕ್ಕಿಟ್ಟು ಗೋಡೆ ಕಡೆ ತಿರುಗಿ ಮಲಗಿದಳು. ಸುಸ್ತಾಗಿರಬೇಕು.

ಅಕ್ಟೋಬರ್ ೨೦

ಇದ್ದದ್ದೆಲ್ಲ ಮೊಳೆತು ಸತ್ತಿತೋ, ಇನ್ನೂ ಏನಾದರೂ ಉಳಿದಿದೆಯೋ ನೋಡೇಬಿಡೋಣ ಅಂತ ಮೇಲಿನ ಹೊಲದ ಮಣ್ಣು ತಂದು ಹಿಟ್ಟಿನ ಜರಡಿಯಲ್ಲಿ ಜಾಲಿಸಿದೆ. (ಜರಡಿಗಾಗಿ ಬೈಸಿಕೊಂಡದ್ದು ಬೇರೆ ಕತೆ.) ಬೀಜ ಸಿಕ್ಕಿತು, ಒಂದು ಹಿಡಿಯಷ್ಟು. ಸಾಸಿವೆಗಿಂತ ತುಸು ದೊಡ್ಡದು, ಹಳದಿ, ಹೊಳೆಯುತ್ತಿತ್ತು. ನೀರಲ್ಲಿ ನೆನೆಹಾಕಿದೆ. ಯಾವ ಕಾಳಾದರೂ ಬೆಳಿಗ್ಗೆಯೊಳಗೆ ಉಬ್ಬಬೇಕಲ್ಲ. ಇದು ಎರಡು ರಾತ್ರಿ ನೀರಲ್ಲಿದ್ದರೂ ಹಾಕಿದಷ್ಟೇ ಇದೆ. ಕಲ್ಲಿಗೆ ನೀರು ಹಾಕಿದ ಹಾಗೆ. ಸತ್ತ ಬೀಜ, ಇನ್ನೇನು.

ಮೊಳೆತದ್ದನ್ನು ಗಾಳಿ ತಿಂದಿತು, ಉಳಿದದ್ದರಲ್ಲಿ ಜೀವವಿಲ್ಲ. ನೆಲ ಖಾಲಿ ಬಿಡುವುದಕ್ಕಿಂತ ಉತ್ತು ಗೋಧಿ ಹಾಕಿದರೆ ಹುಲ್ಲಾದರೂ ಸಿಗುತ್ತದೆ.

ಇವಳಿಗೆ ಹೇಳಿದೆ. "ಅವರ ಹೊಲ. ಅವರನ್ನ ಒಂದು ಮಾತು ಕೇಳಿ" ಅಂದಳು.

"ಬಾಯಿಲ್ಲದವಳನ್ನ ಏನಂತ ಕೇಳೋದು?"

ಇವಳು ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಆಡಿದ ಮಾತು ಅಲ್ಲೇ, ಊಟದ ಜಾಗದಲ್ಲೇ ಕೂತಿತ್ತು. ನಾನೊಬ್ಬನೇ ಅದರೆದುರು ಉಂಡು ಮುಗಿಸಿದೆ.

ಅಕ್ಟೋಬರ್ ೨೭

ಗಡಿಬಿಡಿ ಬೆಳಿಗ್ಗೆಯೇ ದೊಡ್ಡ ನೇಗಿಲು ಸಿಕ್ಕಿಸಿಕೊಂಡು ಬಂದ. ಆಳವಾಗಿ ಹೊಡೆ ಅಂದೆ. ಹೊಲ ಅರ್ಧ ಮುಗಿದಿತ್ತು. ಇವಳು ಸೆರಗು ಹಾರಿಸಿಕೊಂಡು ಓಡಿ ಬರುತ್ತಿದ್ದಳು, ಕೈಯಲ್ಲಿ ಫೋನು. ಆಸ್ಪತ್ರೆಯಿಂದ. ಅಕ್ಕನ ಗಾಯದಿಂದ ರಕ್ತ ಸುರಿಯುತ್ತಿದೆ, ತಕ್ಷಣ ಬನ್ನಿ.

ಗಡಿಬಿಡಿ ನೇಗಿಲು ಬಿಚ್ಚಿ ಹೊಲದಲ್ಲೇ ಎಸೆದು, ಟ್ರ್ಯಾಕ್ಟರಿನಲ್ಲೇ ನನ್ನನ್ನು ಬಸ್ಸಿನ ದಾರಿಗೆ ಬಿಟ್ಟ. ಬಸ್ಸಿನಲ್ಲಿ ನೋಡಿಕೊಂಡರೆ ಕಾಲಿನ ತುಂಬ ಅವಳ ಹೊಲದ ಮಣ್ಣು.

ಅಕ್ಟೋಬರ್ ೨೮

ರಕ್ತ ನಿಂತಿದೆ. ಮಲಗಿದ್ದಾಳೆ. ಪಾದ ತಣ್ಣಗಿತ್ತು, ಹೊದಿಕೆ ಎಳೆದೆ.

ನವೆಂಬರ್ ೭

ನಿನ್ನೆ ಮನೆಗೆ ಕರೆತಂದೆವು. ನಳಿಗೆ ತೆಗೆದಿದ್ದಾರೆ, ಮೆತ್ತಗಿನದು ಉಣ್ಣಬಹುದು. ಮಾತಿಗೆ ಆಮೇಲೆ ಒಂದು ಸಣ್ಣ ಕವಾಟ ಕೂರಿಸುತ್ತಾರಂತೆ, ಅಲ್ಲಿಯವರೆಗೆ ಸ್ಲೇಟೇ ಗತಿ.

ಮೇಲಿನ ಹೊಲದ ವಿಷಯ ಹೇಗೆ ಹೇಳುವುದು ಅಂತ ನಾನು ಮಾತು ಜೋಡಿಸಿಕೊಳ್ಳುತ್ತಿರುವಾಗಲೇ ಬೆಳಿಗ್ಗೆ ಎದ್ದು ಕೋಲೂರಿಕೊಂಡು ಹೋಗಿಬಿಟ್ಟಿದ್ದಾಳೆ. ಹಿಂದೆ ಓಡಿದೆ. ಉತ್ತ ಅಂಚಿನಲ್ಲಿ ನಿಂತಿದ್ದಳು. ಒಂದು ಕಡೆ ಹೆಂಟೆ, ಒಂದು ಕಡೆ ಬೋಳು ನೆಲ, ನಡುವೆ ನೇಗಿಲು ಬಿದ್ದಿತ್ತು.

"ಎಲ್ಲಾ ಒಣಗಿ ಹೋಗಿತ್ತು ಅಕ್ಕಾ. ಉಳಿದ ಬೀಜಾನೂ ನೆನೆಹಾಕಿ ನೋಡ್ದೆ, ಸತ್ತಿತ್ತು."

ಅವಳು ಬಾಯಿ ತೆರೆದಳು. ತುಟಿ ಆಡಿತು, ಕತ್ತಿನ ನರ ಉಬ್ಬಿತು. ಗಾಳಿ ಮಾತ್ರ ಬಟ್ಟೆಯಡಿಯಿಂದ ಬುಸ್ಸೆಂದಿತು. ಅದನ್ನು ತಾನೇ ಕೇಳಿಸಿಕೊಂಡು ಬಾಯಿ ಮುಚ್ಚಿದಳು. ಕುತ್ತಿಗೆಯಲ್ಲಿ ಸ್ಲೇಟು ತೂಗುತ್ತಿತ್ತು. ಅದನ್ನು ಮುಟ್ಟಲಿಲ್ಲ.

ನವೆಂಬರ್ ೧೦

ಇನ್ನೂ ನನಗೆ ಏನೂ ಬರೆದಿಲ್ಲ. ಇವಳಿಗೆ ಬರೆಯುತ್ತಾಳೆ, ಗಡಿಬಿಡಿಗೂ ಬರೆದಳು. ನಾನು ಒಳಗೆ ಹೋದರೆ ಸ್ಲೇಟು ಬೋರಲು. ಮೊದಲು ಸಿಟ್ಟು ಬಂದರೆ ಅವಳ ಬೈಗುಳ ಮೂರು ಹೊಲದಾಚೆಗೆ ಕೇಳುತ್ತಿತ್ತು. ಒಮ್ಮೆ ಬೈದುಬಿಟ್ಟರೆ ಆ ಕಡೆ ಅವಳಿಗೂ ಹಗುರ, ಈ ಕಡೆ ನನಗೂ ಹಗುರ. ಈ ಮೌನ ಹೊತ್ತುಕೊಂಡು ಓಡಾಡುವುದು ಕಷ್ಟ.

ನವೆಂಬರ್ ೧೩

ಬೆಳಿಗ್ಗೆ ನನ್ನ ತಟ್ಟೆಯ ಪಕ್ಕ ಒಂದು ಬಟ್ಟಲು ಇತ್ತು. ಒದ್ದೆ ಬಟ್ಟೆಯ ಮೇಲೆ ಮೂರೆಲೆಯ ಬೀಜ. ಒಂದು ಮಗ್ಗುಲಲ್ಲಿ ಇರುವವು ಉಬ್ಬಿ ದಪ್ಪಗಾಗಿ, ಬಿಳಿ ಬಾಲ ಬಿಟ್ಟಿವೆ. ಇನ್ನೊಂದು ಮಗ್ಗುಲಲ್ಲಿ ಇರುವವು ಹಾಕಿದ ಹಾಗೇ, ಕಲ್ಲಿನ ಹಾಗೆ.

ಇವಳು ವಿವರಿಸಿದಳು. ನಾನು ಉಳದೆ ಬಿಟ್ಟ ಕಡೆಯಿಂದ ಅಕ್ಕ ಮಣ್ಣು ತರಿಸಿ ಬೀಜ ಹೆಕ್ಕಿದಳಂತೆ. ಅರ್ಧದಷ್ಟಕ್ಕೆ ಉಗುರು ಕತ್ತರಿಯಿಂದ ಸಿಪ್ಪೆಯ ಮೇಲೆ ಒಂದು ಸಣ್ಣ ಗೀರು ಹಾಕಿದಳು. ಗೀರು ಬಿದ್ದವು ನೀರು ಕುಡಿದು ಮೊಳೆತವು. ಉಳಿದವು ಕುಡಿಯಲೇ ಇಲ್ಲ.

ಅಕ್ಕ ಎದುರು ಬಂದು ಕೂತು ಸ್ಲೇಟು ತಿರುಗಿಸಿದಳು. "ಸತ್ತದ್ದು ನೀರಲ್ಲಿ ಕೊಳೆಯುತ್ತೆ. ಇದು ಕೊಳೆತಿತ್ತಾ?"

ಇಲ್ಲ ಅಂದೆ.

ಒರೆಸಿ ಬರೆದಳು. "ಸಿಪ್ಪೆ ಗಟ್ಟಿ. ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ಸಡಿಲ ಆಗುತ್ತೆ. ಎಲ್ಲಾ ಒಂದೇ ಸಲ ಏಳಲ್ಲ. ಅದಕ್ಕೇ ಇದನ್ನ ತಂದದ್ದು. ಸುಳ್ಳು ಮಳೆಗೆ ಒಂದಷ್ಟು ಸಾಯುತ್ತೆ. ಮಿಕ್ಕದ್ದು ಕಾಯುತ್ತೆ."

"ನಾನು ಫೋನ್ ಮಾಡಿದಾಗ..."

"ಅದು ನಂಬೋ ಮಳೆ ಅಲ್ಲ ಅಂತ ಕುಟ್ಟಿದ್ದೆ" ಅಂತ ಬರೆದಳು.

ಆಮೇಲೆ ಕೇಳಿದಳು, ಎಷ್ಟು ಆಳ ಉತ್ತಿದ್ದೀಯ ಅಂತ. ಮೊಣಕೈವರೆಗೂ ತೋರಿಸಬೇಕಾಯಿತು. ಇಷ್ಟು ಸಣ್ಣ ಬೀಜ ಅಷ್ಟು ಆಳದಿಂದ ಮೇಲೆ ಬರಲಾರದು, ಅದು ನನಗೂ ಗೊತ್ತಾಗುತ್ತದೆ. ಅವಳು ಸ್ಲೇಟನ್ನು ಬಹಳ ಹೊತ್ತು ಒರೆಸಿದಳು.

"ಇದನ್ನೆಲ್ಲ ಮೊದಲೇ ಹೇಳಬಾರದಿತ್ತಾ?" ಅಂದೆ.

ಅಡುಗೆಮನೆಯಿಂದ ಇವಳು, "ಕೈ ಹಾಕಬೇಡ ಅಂದಿದ್ರಲ್ಲ, ಅದಕ್ಕಿಂತ ಇನ್ನೇನ್ ಹೇಳ್ಬೇಕಿತ್ತು?" ಅಂದಳು. ಮನೆಯಲ್ಲಿ ಇಬ್ಬರು ಹೆಂಗಸರು ಒಂದಾದರೆ ಗಂಡಸು ಹೊರಗೆ ಹೋಗುವುದೇ ಒಳ್ಳೆಯದು. ಹೋದೆ. ಹೆಂಟೆಯೊಂದನ್ನು ಒಡೆದು ನೋಡಿದೆ. ಒಂದು ಸುರುಳಿ ಕಾಯಿ ಸಿಕ್ಕಿತು. ಹೆಕ್ಕಿದರೆ ಎಷ್ಟನ್ನು ಹೆಕ್ಕಲಿ.

ನವೆಂಬರ್ ೨೩

ಮಳೆ. ಈ ಸಲ ಗುಡುಗು ಮಿಂಚಿನ ಆರ್ಭಟ ಇಲ್ಲದ, ನಿಧಾನದ, ನೆಲ ಸೇರುವ ಮಳೆ. ಉತ್ತ ಅರ್ಧಕ್ಕೆ ಗೋಧಿ ಬಿತ್ತಿದೆ. ಉತ್ತದ್ದನ್ನು ಸುಮ್ಮನೆ ಬಿಡುವ ಹಾಗೂ ಇಲ್ಲ. ಅಕ್ಕ ಬದುವಿನ ಮೇಲೆ ನಿಂತು ನೋಡಿ ಹೋದಳು.

ಡಿಸೆಂಬರ್ ೬

ಬಂದಿದೆ. ಉಳದೆ ಬಿಟ್ಟ ಅರ್ಧದಲ್ಲಿ ಮೂರೆಲೆ ಎದ್ದಿದೆ. ಮೊದಲಿನಷ್ಟು ದಟ್ಟ ಇಲ್ಲ, ಅಲ್ಲಲ್ಲಿ ಬೋಳು. ಆದರೂ ಇದೆ. ನೇಗಿಲು ನಿಂತ ಜಾಗದಲ್ಲಿ ದಾರ ಹಿಡಿದು ಎಳೆದ ಹಾಗೆ ಹಸಿರು ನಿಂತುಹೋಗಿದೆ.

ಒಂದು ಗಿಡ ಕಿತ್ತು ನೋಡಿದೆ. ಬೇರಿನಲ್ಲಿ ಆಗಲೇ ಸಣ್ಣ ಗಂಟು. ನೆಲಕ್ಕೆ ಗೊಬ್ಬರ ಅದರಿಂದಲೇ ಅಂತ ಅಕ್ಕ ಹಿಂದೆ ಹೇಳುತ್ತಿದ್ದಳು, ನಾನು ಕೇಳಿಸಿಕೊಂಡಿರಲಿಲ್ಲ. ಕಿತ್ತದ್ದಕ್ಕೆ ಬೇಜಾರಾಗಿ ಮತ್ತೆ ನೆಟ್ಟೆ. ಗಡಿಬಿಡಿ ನೋಡಿಬಿಟ್ಟ. "ಅಣ್ಣಾ, ಹುಲ್ಲನ್ನ ನಾಟಿ ಮಾಡೋರನ್ನ ಇದೇ ಮೊದಲು ನೋಡಿದ್ದು" ಅಂದ. ಹುಲ್ಲಲ್ಲ ಕಣೋ ಅಂತ ಅವನಿಗೆ ಬೇರು ತೋರಿಸಿ ಹೇಳುವಷ್ಟರಲ್ಲಿ ಹೊತ್ತೇರಿತು.

ಜನವರಿ ೪

ಮೇವು ಸಾಲುತ್ತಿಲ್ಲ. ಇಡೀ ಹೊಲದ ಮೇವು ಸಿಗಬೇಕಾದ ಕಡೆ ಅರ್ಧ. ಎರಡು ಕುರಿ ದಿನ ತುಂಬುವ ಮೊದಲೇ ಕಂದು ಹಾಕಿದವು. ಒಂದರ ಮರಿಗೆ ಇನ್ನೂ ಉಣ್ಣೆ ಮೂಡಿರಲಿಲ್ಲ. ಅಕ್ಕ ಏಳಲು ಹೋದಳು, ಕೂರಿಸಿ ನಾನೇ ಗುಂಡಿ ತೋಡಿ ಹೂತೆ. ತಾಯಿಕುರಿ ಗುಂಡಿಯ ಸುತ್ತ ಸುತ್ತುತ್ತಿತ್ತು. ಅದರ ಪಕ್ಕ ಕೂತೆ, ಅದು ಹೋಗಲಿಲ್ಲ, ನಾನೂ ಏಳಲಿಲ್ಲ.

ಆ ದಿನ ನಾನು ಟ್ರ್ಯಾಕ್ಟರು ಕರೆಯದಿದ್ದರೆ ಅಂತ ಇವಳು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಫೆಬ್ರವರಿ ೧೮

ಅಕ್ಕನಿಗೆ ಕವಾಟ ಕೂರಿಸಿದ್ದಾರೆ. ಕತ್ತಿನ ತೂತನ್ನು ಬೆರಳಿನಿಂದ ಒತ್ತಿದರೆ ಮಾತು ಬರುತ್ತದೆ. ಒರಟು, ಗರಗರ, ತಗಡಿನ ಡಬ್ಬಿಯೊಳಗಿಂದ ಯಾರೋ ಮಾತಾಡಿದ ಹಾಗೆ. ಮೊದಲ ಮಾತು ಇವಳಿಗೆ: "ಚಹಾಕ್ಕೆ ಸಕ್ಕರೆ ಜಾಸ್ತಿ." ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಸಂಜೆ ಬೇಲಿ ಹತ್ತಿರ ಹೋಗಿ ಕುರಿ ಕರೆದಳು. "ಹೋಯ್ ಬಾ ಬ್ಬಾ." ಕುರಿಗಳೆಲ್ಲ ಕಿವಿ ನಿಮಿರಿಸಿದವು, ಬೆದರಿ ಹಿಂದೆ ಸರಿದವು. ಮತ್ತೆ ಕರೆದಳು. ಅಜ್ಜಿ ಓಡತೊಡಗಿತು. ಅವಳನ್ನು ದಾಟಿಕೊಂಡು ಬಂದು ನನ್ನ ಮೊಣಕಾಲಿಗೆ ಮೂತಿ ಒತ್ತಿ ನಿಂತಿತು. ಉಳಿದವೂ ಅದರ ಹಿಂದೆ.

ನಾನು ಕರೆದಿರಲೇ ಇಲ್ಲ, ದೇವರಾಣೆ. ಯಾವಾಗಿಂದ ಹೀಗೆ ಬರುತ್ತಿವೆಯೋ ಗಮನಿಸಿಯೂ ಇಲ್ಲ. "ಹೋಗ್ರೇ, ಅಕ್ಕನ ಹತ್ರ ಹೋಗ್ರೇ" ಅಂತ ತಳ್ಳಿದೆ. ಹೋಗಲಿಲ್ಲ. ಕಳವು ಮಾಲಿನ ಜೊತೆ ಸಿಕ್ಕಿಬಿದ್ದವನ ಹಾಗಾಯಿತು. ಅಕ್ಕ ಬೆರಳು ತೆಗೆದು ಸೆರಗು ಹೊದ್ದುಕೊಂಡು ಒಳಗೆ ಹೋದಳು. ಊಟಕ್ಕೆ ಬರಲಿಲ್ಲ.

ಮಾರ್ಚ್ ೨೧

ಸ್ಕ್ಯಾನಿನಲ್ಲಿ ಶ್ವಾಸಕೋಶದ ಮೇಲೆ ಒಂದು ಚುಕ್ಕೆ ಕಂಡಿದೆ. ಏನೂ ಇಲ್ಲದೆಯೂ ಇರಬಹುದು, ಮುಂದಿನ ಸ್ಕ್ಯಾನಿನವರೆಗೆ ಕಾಯೋಣ ಅಂದರು ಡಾಕ್ಟರು. ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ಕೂತಳು. ದಾರಿಯುದ್ದಕ್ಕೂ ಒಂದೊಂದು ಹೊಲ ಬಂದಾಗಲೂ ಯಾರು ಏನು ಬೆಳೆದಿದ್ದಾರೆ ಅಂತ ನಾನೇ ಮಾತಾಡಿದೆ. ನನಗೆ ಇಷ್ಟು ಮಾತು ಎಲ್ಲಿಂದ ಬಂತೋ.

ಏಪ್ರಿಲ್ ೯

ಮೂರೆಲೆ ಹೂ ಬಿಟ್ಟಿದೆ, ಸಣ್ಣ ಹಳದಿ ಹೂ. ಈಗ ಕುರಿ ಬಿಟ್ಟರೆ ಹೂವೆಲ್ಲ ಹೊಟ್ಟೆಗೆ ಹೋಗುತ್ತದೆ, ಕಾಯಿ ಕಟ್ಟುವುದಿಲ್ಲ. ನಾನು ಮೂರೆಲೆಯ ಸುತ್ತ ಬೇಲಿಗೆ ತಂತಿ ಬಿಗಿಯುತ್ತಿದ್ದೆ.

ಅಕ್ಕ ಹಿಂದೆ ಬಂದು ನಿಂತಿದ್ದಳು. "ಯಾಕೆ ಕಟ್ತಿದ್ದೀಯ? ಬಿಡು. ಹಸ್ಕೊಂಡಿವೆ, ತಿನ್ನಲಿ."

"ಬೀಜ?"

"ಯಾವ ವರ್ಷಕ್ಕೋ ಬರೋ ಬೀಜ. ಅಲ್ಲೀವರೆಗೆ ಯಾರು ಇರ್ತಾರೆ, ಯಾರು ಕಾಯ್ತಾರೆ? ತೆಗಿ ತಂತಿ."

ನನಗೆ ಮೈಯೆಲ್ಲ ಉರಿದುಹೋಯಿತು. "ತೆಗೆಯಲ್ಲ! ಸುಳ್ಳು ಮಳೆಗೆ ಅರ್ಧ ಸತ್ತಿದೆ, ಮಿಕ್ಕದ್ದರಲ್ಲಿ ಅರ್ಧ ನಾನು ಹೂತಿದ್ದೀನಿ. ಮಣ್ಣಲ್ಲಿ ಉಳಿದಿರೋದೇ ಒಂದಿಷ್ಟು. ಈ ವರ್ಷ ಉದುರದೆ ಇದ್ರೆ ಮುಂದಿನ ಎರಡು ವರ್ಷದ ಗೋಧಿ ಮುಗಿದ ಮೇಲೆ ಏನು ಏಳುತ್ತೆ ಇಲ್ಲಿ, ನಿನ್ನ ತಲೆ?"

"ನನ್ನ ಹೊಲ ಕಣೋ ಇದು!" ಬೆರಳು ಒತ್ತಿ ಒತ್ತಿ ಕೂಗಿದಳು. "ಕೇಳದೆ ಉತ್ತೆ, ಈಗ ಕೇಳದೆ ಬೇಲಿ ಕಟ್ತೀಯ! ಕತ್ತೆ! ದಡ್ಡ ಕತ್ತೆ!" ಆಮೇಲೆ ಅಪ್ಪನ ಕಾಲದಿಂದ ಶುರುಮಾಡಿ ನಾನು ಮಾಡಿದ್ದೆಲ್ಲ ಒಂದೊಂದಾಗಿ ಎಳೆದು ಹಾಕಿದಳು. ಉಸಿರು ಸಾಲದೆ ಬೆರಳು ತೆಗೆಯುವುದು, ಎಳೆದುಕೊಳ್ಳುವುದು, ಮತ್ತೆ ಒತ್ತುವುದು. ದಾರಿಯಲ್ಲಿ ಗಡಿಬಿಡಿ ಟ್ರ್ಯಾಕ್ಟರು ನಿಲ್ಲಿಸಿ ಕೂತು ಪೂರ್ತಿ ಕೇಳಿದ.

ಕೊನೆಗೆ ಸುಸ್ತಾಗಿ ಬದುವಿನ ಮೇಲೆ ಕೂತಳು. "ಮತ್ತೆ ಕುರಿಗೇನು ಹಾಕ್ತೀಯ?"

ಪಕ್ಕದಲ್ಲಿ ಗೋಧಿ ತೆನೆ ಹೊರಟು ನಿಂತಿತ್ತು. ಈ ವರ್ಷ ಆ ಅರ್ಧವೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ. ಗೋಧಿ ಕಡೆಯ ಬೇಲಿಬಾಗಿಲು ತೆಗೆದೆ. ಅಜ್ಜಿ ಒಂದು ಕ್ಷಣ ನನ್ನ ಮುಖ ನೋಡಿತು, ತಪ್ಪಾಗಿ ತೆಗೆದಿದ್ದಾನೇನೋ ಅನ್ನುವ ಹಾಗೆ. ಆಮೇಲೆ ಗೋಧಿಯೊಳಗೆ ನುಗ್ಗಿತು. ಎಲ್ಲ ನುಗ್ಗಿದವು. ದಂಟು ಮುರಿಯುವ ಸದ್ದು ಬದುವಿನವರೆಗೂ ಕೇಳುತ್ತಿತ್ತು.

"ಗೋಧಿ ಹೋಯ್ತಲ್ಲೋ."

"ಹೋಗ್ಲಿ ಬಿಡು."

ಇಬ್ಬರೂ ಬದುವಿನ ಮೇಲೆ ಕೂತು ನೋಡಿದೆವು. ಅವಳು ಕೇಳಿದಳು, "ನಾನಿಲ್ಲ ಅಂದ್ಕೋ. ಆಗ್ಲೂ ಹೀಗೇ ಕಟ್ತೀಯಾ?"

"ಆಗ ನನ್ನ ಹೊಲ ಅಂತ ಕಿರುಚೋಕೆ ಯಾರು ಬರ್ತಾರೆ? ನನಗೆ ಇಷ್ಟ ಬಂದ ಹಾಗೆ ಕಟ್ತೀನಿ" ಅಂದೆ.

ಅವಳು ನಕ್ಕಳು. ಬೆರಳು ಒತ್ತಿಕೊಳ್ಳುವುದನ್ನು ಮರೆತಿದ್ದಳು, ಸದ್ದೇನೂ ಬರಲಿಲ್ಲ, ಭುಜ ಮಾತ್ರ ಅಲುಗಿತು. ಎಬ್ಬಿಸಲು ಕೈ ಕೊಟ್ಟೆ. ಹಿಡಿದುಕೊಂಡು ಎದ್ದಳು, ಮನೆಯವರೆಗೂ ಬಿಡಲಿಲ್ಲ.

ಬೇಲಿಯ ಮೂಲೆಯ ಕಂಬ ಸಡಿಲ ಇದೆ. ನಾಳೆ ಮೊದಲು ಅದನ್ನು ಕಿತ್ತು ಹೊಸದು ನೆಡಬೇಕು. ಗೋಧಿ ಮುಗಿದ ಮೇಲೆ ಇವು ಮೂರೆಲೆಗೆ ನುಗ್ಗದೆ ಬಿಡುವುದಿಲ್ಲ.